ಲಂಡನ್ನಿಗೆ ಒಂದು ಡ್ರಮ್ ಸಾಮಾನು ಹಡಗಿನಲ್ಲಿ ಕಳಿಸಬಹುದಾ? ದಾವಣಗೆರೆ ಕಡೆಯಿಂದ ಯಾರಾದರೂ ಕಳಿಸಿದ್ದೀರಾ?

ವಿದ್ಯಾನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ವಿದ್ಯಾನಗರದವಳು. ಮಗಳು, ಅಳಿಯ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಇದ್ದಾರೆ. ಮಗಳಿಗೆ ಈಗ ಆರು ತಿಂಗಳು. ಹೆರಿಗೆ ಅಲ್ಲೇ. ಬಾಣಂತನಕ್ಕೆ ನಾನು ಹೋಗುತ್ತೇನೆ, ವೀಸಾ ಬಂದಿದೆ, ಟಿಕೆಟ್ ಇನ್ನೂ ಮಾಡಿಸಿಲ್ಲ.

ವಿಷಯ ಏನಪ್ಪಾ ಅಂದರೆ, ಅವಳ ಪಕ್ಕದ ಮನೆಯಲ್ಲಿ ಜಮೈಕಾದ ಒಬ್ಬರು ಅಜ್ಜಿ ಇದ್ದಾರೆ. ಅವರು ವರ್ಷಕ್ಕೊಮ್ಮೆ ಸೊಂಟದೆತ್ತರದ ಡ್ರಮ್ ತಂದು ಹಜಾರದಲ್ಲಿ ಇಟ್ಟುಕೊಂಡು, ತಿಂಗಳುಗಟ್ಟಲೆ ಅದಕ್ಕೆ ಅಕ್ಕಿ, ಎಣ್ಣೆ, ಸೋಪು, ಮೊಮ್ಮಕ್ಕಳ ಶೂ, ಬಟ್ಟೆ ಎಲ್ಲ ತುಂಬಿ, ಕ್ರಿಸ್‌ಮಸ್‌ಗೆ ಮುಂಚೆ ಊರಿಗೆ ಹಡಗಿನಲ್ಲಿ ಕಳಿಸುತ್ತಾರಂತೆ. ಅದನ್ನು ನೋಡಿದ ಮೇಲೆ ನಮ್ಮವಳದು ಒಂದೇ ಹಟ. "ಅಮ್ಮಾ, ಅವರು ಇಲ್ಲಿಂದ ಕಳಿಸುತ್ತಾರೆ, ನೀನು ಅಲ್ಲಿಂದ ಕಳಿಸು, ಅಷ್ಟೇ ಅಲ್ವಾ?"

ಯಜಮಾನರು ಇದನ್ನು ಕೇಳಿದ್ದೇ ತಡ, ಪಿ.ಬಿ. ರಸ್ತೆಯ ಒಂದು ಅಂಗಡಿಯಿಂದ 200 ಲೀಟರಿನ ನೀಲಿ ಡ್ರಮ್ ಆಟೋದಲ್ಲಿ ಹಾಕಿಕೊಂಡು ಬಂದಿದ್ದಾರೆ. ವಿಚಾರಿಸಿದಿರಾ ಅಂದರೆ "ಮೊದಲು ಡ್ರಮ್ ಇರಲಿ" ಅಂತಾರೆ. ಮೇಲೆ ಎರಡು ತೂತು ಬಿಟ್ಟರೆ ಬಾಯಿ ಇಲ್ಲ, ಅಂಗಡಿಯವನು ಬೇಕಾದರೆ ಕೊಯ್ದು ಕೊಡುತ್ತೇನೆ ಅಂದಿದ್ದಾನೆ. ಒಳಗಿಂದ ಒಂಥರಾ ವಾಸನೆ ಬೇರೆ. ಮೂರು ಸಲ ತೊಳೆದೆ, ಹೋಗಿಲ್ಲ.

ಕಳಿಸಬೇಕು ಅಂದುಕೊಂಡಿರುವುದು: ರೊಟ್ಟಿ ಹಂಚು, ಎರಕದ ದೋಸೆ ಕಾವಲಿ, ಸಣ್ಣ ಒರಳು, ನಮ್ಮತ್ತೆ ಹೊಲಿದ ಎರಡು ಕೌದಿ, ಚಳ್ಳಕೆರೆ ಕಂಬಳಿ ಒಂದು, ಕೂಸಿಗೆ ಕುಲಾವಿ, ಹಳೇ ಕಾಟನ್ ಸೀರೆಯ ಬಟ್ಟೆಗಳು, ಶಾವಿಗೆ, ಹಪ್ಪಳ, ಸಂಡಿಗೆ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ಒಂದು ನೂರು, ಮಂಡಕ್ಕಿ ಒಂದು ಚೀಲ, ಬೆಲ್ಲ, ಕೊಬ್ಬರಿ, ಉತ್ತತ್ತಿ, ಅಂಟು, ನಾಲ್ಕು ಕೆಜಿ ತುಪ್ಪ, ಪೂಜೆಗೆ ಕರ್ಪೂರ, ಊದಿನಕಡ್ಡಿ. ಇನ್ನೂ ನೆನಪಾಗುತ್ತಲೇ ಇದೆ.

ಎಷ್ಟು ದಿನ ಹಿಡಿಯುತ್ತದೆ, ಏನು ಹಾಕಬಾರದು, ಹೇಗೆ ತುಂಬಬೇಕು, ಗೊತ್ತಿದ್ದವರು ಹೇಳಿ. ಸುಮ್ನೆ ದುಡ್ಡು ದಂಡ ಅನ್ನುವುದಾದರೆ ಅದನ್ನೂ ಹೇಳಿ. ಯಜಮಾನರಿಗೆ ತೋರಿಸುತ್ತೇನೆ.

ದುರ್ಗದವನು

ಅಕ್ಕಾರೆ, ನಾನು ಚಿತ್ರದುರ್ಗ. ನನ್ನ ತಮ್ಮ ಮ್ಯಾಂಚೆಸ್ಟರ್‌ನಲ್ಲಿದ್ದಾನೆ. (ದಾವಣಗೆರೆಯವರು ಹತ್ತಿ ಗಿರಣಿಗಳ ಕಾಲದಲ್ಲಿ ತಮ್ಮ ಊರನ್ನೇ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆದುಕೊಳ್ಳುತ್ತಿದ್ದರಲ್ಲ, ಇವನು ಒರಿಜಿನಲ್ಲಿಗೇ ಹೋಗಿ ಕೂತಿದ್ದಾನೆ.) ಅವನಿಗೆ 2024ರಲ್ಲಿ ಒಂದು ಡ್ರಮ್ ಕಳಿಸಿದೆ. ಏನೇನಾಯಿತು ಅಂತ ಹೇಳುತ್ತೇನೆ, ನೀವೇ ಲೆಕ್ಕ ಹಾಕಿ.

ಏಜೆಂಟರು ಆರು ವಾರ ಅಂದಿದ್ದರು. ಮುಟ್ಟಿದ್ದು ಹನ್ನೊಂದನೇ ವಾರ. ಮೊದಲು ಬೆಂಗಳೂರಿನ ಗೋದಾಮಿನಲ್ಲಿ ಕಂಟೇನರ್ ತುಂಬುವ ತನಕ ಕಾಯಿಸಿದರು. ಆಮೇಲೆ ಹಡಗು. ಅದೇ ಹೊತ್ತಿಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿತ್ತು, ಸುಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿ ಸುತ್ತಿಕೊಂಡು ಹೋಗುತ್ತಿದ್ದವು, ಅದಕ್ಕೇ ಎರಡು ವಾರ ಹೆಚ್ಚು. ಅಲ್ಲಿ ಇಳಿದ ಮೇಲೆ ಕಸ್ಟಮ್ಸ್.

ಈಗ ಒಳಗಿನ ಕಥೆ. ಅವ್ವ ಪ್ರೀತಿಯಿಂದ ಬ್ಯಾಡಗಿ ಮೆಣಸಿನಕಾಯಿ ಕುಟ್ಟಿಸಿ ಎರಡು ಕೆಜಿ ಖಾರದಪುಡಿ ಹಾಕಿದ್ದರು, ಕಿರಾಣಿ ಅಂಗಡಿಯ ತೆಳು ಪ್ಲಾಸ್ಟಿಕ್ ಕವರಿನಲ್ಲಿ. ಅದರ ಮೇಲೆ ಕುಕ್ಕರ್. ಕವರ್ ಎಲ್ಲಿ ಒಡೆಯಿತೋ ದೇವರಿಗೇ ಗೊತ್ತು. ತಮ್ಮ ಮುಚ್ಚಳ ತೆಗೆದವನು ವಿಡಿಯೋ ಕಾಲ್‌ನಲ್ಲಿ ಮಾತೇ ಆಡಲಿಲ್ಲ, ಬರೀ ಸೀನು. ಕೌದಿ ನಾಲ್ಕು ಸಲ ಒಗೆದ ಮೇಲೂ ಹೊದ್ದುಕೊಂಡರೆ ಮೂಗು ಉರಿಯುತ್ತಿತ್ತಂತೆ. ಶೇಂಗಾ ಚಟ್ನಿಪುಡಿ ಪೂರ್ತಿ ಕಮಟು ಹಿಡಿದಿತ್ತು. ಶೇಂಗಾದಲ್ಲಿ ಎಣ್ಣೆ ಇದೆಯಲ್ಲ, ಬಿಸಿಲಿನಲ್ಲಿ ಕಾಯುವ ತಗಡಿನ ಡಬ್ಬದೊಳಗೆ ಎರಡು ತಿಂಗಳು ಇಟ್ಟರೆ ಇನ್ನೇನಾಗುತ್ತದೆ. ಖಡಕ್ ರೊಟ್ಟಿ ಪುಡಿಪುಡಿ, ಅದೂ ಮೆತ್ತಗೆ. ಆದರೆ ಹಂಚು, ಕಾವಲಿ, ಹಿತ್ತಾಳೆ ಕೊಡ, ಕಂಬಳಿ, ಶಾವಿಗೆ ಒತ್ತು ಎಲ್ಲ ಹೋದ ಹಾಗೇ ಇದ್ದವು.

ಇನ್ನೊಂದು. ನಾನು ಇಲ್ಲಿ ಪೂರ್ತಿ ದುಡ್ಡು ಕಟ್ಟಿದ್ದೆ. ಅಲ್ಲಿ ತಮ್ಮನಿಗೆ ಇನ್ನೊಂದು ಬಿಲ್ಲು ಬಂತು. ಬಂದರಿನಲ್ಲಿ ಇಳಿಸಿದ್ದಕ್ಕೆ, ಕಾಗದಪತ್ರಕ್ಕೆ, ಮನೆಗೆ ತಂದದ್ದಕ್ಕೆ. ಕೇಳಿದರೆ ಇಲ್ಲಿಯ ಏಜೆಂಟ್ "ಅದು ಅಲ್ಲಿಯವರದು ಸಾರ್" ಅಂದ. ಅವರ ಹೆಸರು ಇಲ್ಲಿ ಬೇಡ. ನೀವು ಮಾತ್ರ "ಮನೆ ಬಾಗಿಲ ತನಕ, ಅಲ್ಲಿಯ ಎಲ್ಲ ಚಾರ್ಜ್ ಸೇರಿ" ಅಂತ ಕಾಗದದ ಮೇಲೆ ಬರೆಸಿಕೊಳ್ಳದೆ ಒಂದು ರೂಪಾಯಿ ಕೊಡಬೇಡಿ.

ಹರಿಹರದ ಸರಕು ಮಾವ

ಬೆಂಗಳೂರಿನಲ್ಲಿ ಹದಿನೆಂಟು ವರ್ಷ ಸರಕು ಸಾಗಣೆ ಆಫೀಸಿನಲ್ಲಿ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ದುರ್ಗದವರು ಹೇಳಿದ್ದು ಸರಿ ಇದೆ. ನಾನು ಲೆಕ್ಕ ಮಾತ್ರ ಹೇಳುತ್ತೇನೆ.

ತಾಯಿ, ಜಮೈಕಾದ ಅಜ್ಜಿಗೆ ಡ್ರಮ್ ಲಾಭ, ನಿಮಗೆ ಅಲ್ಲ. ಲಂಡನ್ನಿನಿಂದ ಜಮೈಕಾದ ಕಿಂಗ್‌ಸ್ಟನ್‌ಗೆ ಹೋಗುವ ಡ್ರಮ್ಮುಗಳಿಂದಲೇ ಕಂಟೇನರ್ ತುಂಬುತ್ತದೆ, ಹಾಗಾಗಿ ಅಲ್ಲಿ "ಒಂದು ಡ್ರಮ್ಮಿಗೆ ಇಷ್ಟು" ಅಂತ ರೇಟು. ತೂಕ ಯಾರೂ ಕೇಳುವುದಿಲ್ಲ. ನಮ್ಮ ಕಡೆ ಆ ಪದ್ಧತಿ ಇಲ್ಲ. ಬಿಡಿ ಸಾಮಾನನ್ನು ಬೇರೆಯವರ ಸಾಮಾನಿನ ಜೊತೆ ಕಂಟೇನರಿಗೆ ಸೇರಿಸುತ್ತಾರೆ, ಲೆಕ್ಕ ಘನ ಮೀಟರಿನಲ್ಲಿ. ಒಂದು ಘನ ಮೀಟರಿಗಿಂತ ಕಡಿಮೆ ಇದ್ದರೂ ಹೆಚ್ಚಿನವರು ಒಂದರ ದುಡ್ಡೇ ಹಾಕುತ್ತಾರೆ. ನಿಮ್ಮ ಡ್ರಮ್ ಸುಮಾರು 60 ಸೆಂಟಿಮೀಟರ್ ಅಗಲ, 90 ಎತ್ತರ. ಅದು ಹಿಡಿಯುವ ಜಾಗ 0.32 ಘನ ಮೀಟರ್. ಅಂದರೆ ಮೂರು ಡ್ರಮ್ಮಿನ ಬಾಡಿಗೆ ಕೊಟ್ಟು ಒಂದನ್ನು ಕಳಿಸಿದ ಹಾಗೆ.

ಅದರ ಮೇಲೆ ಡ್ರಮ್ ಗುಂಡಗೆ. ಅಳೆಯುವುದು ಚೌಕವಾಗಿ. ನಾಲ್ಕು ಮೂಲೆಯ ಖಾಲಿ ಜಾಗಕ್ಕೂ ನೀವೇ ದುಡ್ಡು ಕೊಡಬೇಕು, ಹೆಚ್ಚುಕಮ್ಮಿ ಐದರಲ್ಲಿ ಒಂದು ಭಾಗ. ರಟ್ಟಿನ ಪೆಟ್ಟಿಗೆಯಲ್ಲಿ ಈ ನಷ್ಟ ಇಲ್ಲ.

ವಿಮಾನದ ಕೊರಿಯರ್‌ನಲ್ಲಿ ಕಳಿಸೋಣ ಅಂದರೆ ಅಲ್ಲಿ ಬೇರೆ ಆಟ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದದ್ದು ಕೆಜಿ. ಅದು ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಡ್ರಮ್ಮಿಗೆ ಹಾಕಿ ನೋಡಿ, ಒಳಗೆ ಏನೂ ಇಲ್ಲದಿದ್ದರೂ 65 ಕೆಜಿ! ನಿಮ್ಮ ಮಂಡಕ್ಕಿಗೂ ಇದೇ ಗತಿ. 50, 40, 40ರ ಪೆಟ್ಟಿಗೆ ತುಂಬಾ ಮಂಡಕ್ಕಿ ತುಂಬಿದರೆ ಬಿಲ್ಲು 16 ಕೆಜಿಗೆ, ತಕ್ಕಡಿಯಲ್ಲಿ ಅದರ ಅರ್ಧವೂ ತೂಗುವುದಿಲ್ಲ.

ಮಂಡಕ್ಕಿ ಕಳಿಸಲೇಬೇಕು ಅಂತ ಇದ್ದರೆ ಒಂದು ಉಪಾಯ ಇದೆ, ನಮ್ಮ ಮನೆಯಲ್ಲಿ ಮಾಡಿದ್ದು. ಪಾತ್ರೆ ಪಗಡ ಇಡುವಾಗ ನಡುವೆ ಸಂದು ಉಳಿಯುತ್ತದಲ್ಲ, ಅಲ್ಲಿ ಥರ್ಮಾಕೋಲ್, ಹಳೇ ಪೇಪರ್ ತುರುಕುವ ಬದಲು ಮಂಡಕ್ಕಿಯ ಸಣ್ಣ ಸಣ್ಣ ಪ್ಯಾಕೆಟ್ ತುರುಕಿ. ಆ ಜಾಗದ ದುಡ್ಡು ಹೇಗೂ ಕೊಟ್ಟಾಗಿರುತ್ತದೆ. ಪಟ್ಟಿಯಲ್ಲಿ ಬರೆಯುವುದನ್ನು ಮರೆಯಬೇಡಿ ಅಷ್ಟೇ.

ಮೇಲೆ ಕೊಯ್ದ ಡ್ರಮ್ ಯಾರೂ ತೆಗೆದುಕೊಳ್ಳುವುದಿಲ್ಲ. ಬಾಯಿ ಪೂರ್ತಿ ತೆರೆಯುವ, ಮುಚ್ಚಳದ ಸುತ್ತ ಕಬ್ಬಿಣದ ಕ್ಲ್ಯಾಂಪ್ ರಿಂಗ್ ಇರುವ ಡ್ರಮ್ಮೇ ಬೇರೆ. ವಾಸನೆ ಬರುತ್ತಿದೆ ಅಂದರೆ ಮೊದಲು ಅದರಲ್ಲಿ ಕೆಮಿಕಲ್ ಇದ್ದಿರಬಹುದು. ಆಹಾರ ಅದರಲ್ಲಿ ಹಾಕಲೇಬೇಡಿ.

ಕರ್ಪೂರ ಬೇಡ. ಅದು ಬೇಗ ಹತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ. ಬೆಂಕಿಪೊಟ್ಟಣ, ಸ್ಪ್ರೇ ಸೆಂಟು, ಪವರ್ ಬ್ಯಾಂಕ್ ಇವೂ ಬೇಡ. ಮರದ ಕ್ರೇಟು ಮಾಡಿಸಿದರೆ ಆ ಮರವನ್ನು ಕಾಯಿಸಿ ಮುದ್ರೆ ಹಾಕಿಸಿರಬೇಕು. ಮರದ ಒಳಗಿನ ಉಷ್ಣ 56 ಡಿಗ್ರಿಯಲ್ಲಿ 30 ನಿಮಿಷ ಇರಬೇಕು ಅಂತ ನಿಯಮ, ಹುಳ ಸಾಯಲಿ ಅಂತ. ಮುದ್ರೆ ಇಲ್ಲದಿದ್ದರೆ ಅಲ್ಲಿ ತಡೆಯುತ್ತಾರೆ.

ಈಸ್ಟ್ ಹ್ಯಾಮ್ ಸೊಸೆ

ಅಮ್ಮಾ, ನಾನು ಹರಪನಹಳ್ಳಿ ಕಡೆಯವಳು, ಒಂಬತ್ತು ವರ್ಷದಿಂದ ಲಂಡನ್ನಿನಲ್ಲಿ ಇದ್ದೇನೆ. ತೆಗೆದುಕೊಳ್ಳುವವರ ಕಡೆಯಿಂದ ಒಂದೆರಡು ಮಾತು.

ಮೊದಲು ಬೇಜಾರಿನ ಸುದ್ದಿ. ಬೆಣ್ಣೆ ದೋಸೆ ಊರಿನವರಿಗೆ ಇದನ್ನು ಹೇಗೆ ಹೇಳೋದೋ ಗೊತ್ತಿಲ್ಲ, ಆದರೆ ಭಾರತದಿಂದ ಇಲ್ಲಿಗೆ ಹಾಲಿನ ಪದಾರ್ಥ ಯಾವುದೂ ತರುವಂತಿಲ್ಲ, ಪಾರ್ಸೆಲ್‌ನಲ್ಲೂ ಇಲ್ಲ, ಸೂಟ್‌ಕೇಸ್‌ನಲ್ಲೂ ಇಲ್ಲ. ಬೆಣ್ಣೆ, ತುಪ್ಪ, ಪೇಡ, ಖೋವಾ ಎಲ್ಲ ಅದರಲ್ಲೇ ಬಂತು. ಮಾಂಸವೂ ಹಾಗೇ. ನಾಲ್ಕು ಕೆಜಿ ತುಪ್ಪವನ್ನು ಮನೆಯಲ್ಲೇ ಬಿಡಿ. ಇಲ್ಲಿ ಉಪ್ಪಿಲ್ಲದ ಬೆಣ್ಣೆ ಎಲ್ಲ ಅಂಗಡಿಯಲ್ಲೂ ಸಿಗುತ್ತೆ, ತಂದು ಕಾಯಿಸಿದರೆ ಆಯಿತು. ನಮ್ಮ ಅತ್ತೆ ಬಂದಾಗ ಮೊದಲ ದಿನ ಮೂಗು ಮುರಿದರು, ಎರಡನೇ ದಿನ ಒಂದು ವೀಳ್ಯದೆಲೆ ಹಾಕಿ ಕಾಯಿಸಿದರು, ಮೂರನೇ ದಿನದಿಂದ ದೂರು ಇಲ್ಲ. ಅಂಟಿನುಂಡೆಯನ್ನೂ ಅಲ್ಲಿಂದ ಕಟ್ಟಿ ತರಬೇಡಿ. ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ ತನ್ನಿ, ಉಂಡೆ ಇಲ್ಲೇ ಕಟ್ಟಿ. ಹಸಿ ಕರಿಬೇವು, ಬಿತ್ತನೆ ಬೀಜ ಬೇಡ. ಕರಿಬೇವನ್ನು ಒಣಗಿಸಿ ತನ್ನಿ.

ತೆರಿಗೆ ವಿಷಯ. ಒಬ್ಬರು ಇನ್ನೊಬ್ಬರಿಗೆ ಉಡುಗೊರೆ ಅಂತ ಕಳಿಸಿದ್ದರ ಬೆಲೆ 39 ಪೌಂಡಿನ ಒಳಗಿದ್ದರೆ ವ್ಯಾಟ್ ಇಲ್ಲ. ಅದು ದಾಟಿ 135 ಪೌಂಡ್ ತನಕ ವ್ಯಾಟ್ ಮಾತ್ರ, ಅದಕ್ಕೂ ಮೇಲೆ ಹೋದರೆ ಸುಂಕವೂ ಸೇರುತ್ತೆ. ಹೆಚ್ಚಿನ ಸಾಮಾನಿಗೆ ವ್ಯಾಟ್ ಶೇ. 20. ತಂದುಕೊಡುವವರು ತಮ್ಮ ಫೀಸು ಬೇರೆ ಹಾಕುತ್ತಾರೆ. ಆದರೆ ಒಂದೇ ಪೆಟ್ಟಿಗೆಯಲ್ಲಿ ಮಗಳಿಗೊಂದು, ಅಳಿಯನಿಗೊಂದು ಅಂತ ಬೇರೆ ಬೇರೆ ಸುತ್ತಿ, ಬೇರೆ ಬೇರೆ ಹೆಸರು, ಬೆಲೆ ಬರೆದರೆ ಒಬ್ಬೊಬ್ಬರಿಗೂ ಆ 39 ಪೌಂಡ್ ಲೆಕ್ಕ ಸಿಗುತ್ತೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಸುಳ್ಳು ಬೆಲೆ ಮಾತ್ರ ಬರೆಯಬೇಡಿ. ಸುಮ್ನೆ "ಮನೆ ಸಾಮಾನು" ಅಂತ ಒಂದೇ ಗೆರೆ ಎಳೆದರೂ ಕಸ್ಟಮ್ಸ್‌ನವರು ಪೆಟ್ಟಿಗೆ ತೆರೆಯೋದು ಗ್ಯಾರಂಟಿ. ಕೌದಿ ಎರಡು, ಹಂಚು ಒಂದು, ಶಾವಿಗೆ ಇಷ್ಟು ಕೆಜಿ ಅಂತ ಬಿಡಿಬಿಡಿಯಾಗಿ ಬರೆಯಿರಿ. ಗುರೆಳ್ಳಿಗೆ ಇಂಗ್ಲಿಷಿನಲ್ಲಿ ನೈಜರ್ ಸೀಡ್ ಅನ್ನಬೇಕು, ನನ್ನ ಗಂಡ "ಕಪ್ಪು ಪುಡಿ" ಅಂತ ಬರೆಸಿದ್ದರು, ಪುಣ್ಯಕ್ಕೆ ಬಂತು.

ಇನ್ನು ಇಲ್ಲಿ ಸಿಗುವುದನ್ನು ಹೊತ್ತು ತರಬೇಡಿ. ಈಸ್ಟ್ ಹ್ಯಾಮ್, ಟೂಟಿಂಗ್, ವೆಂಬ್ಲಿ ಎಲ್ಲಿ ಹೋದರೂ ರಾಗಿ ಹಿಟ್ಟು, ಜೋಳದ ಹಿಟ್ಟು, ಬೇಳೆ, ಹುಣಸೆಹಣ್ಣು ಇವೆ. ಕ್ರಾಯ್ಡನ್‌ಗೆ ಟೂಟಿಂಗ್ ದೂರ ಏನಲ್ಲ. ಮಂಡಕ್ಕಿ ಕೂಡ ಗುಜರಾತಿ ಅಂಗಡಿಯಲ್ಲಿ ಮಮ್ರಾ ಅಂತ ಸಿಗುತ್ತೆ, ಆದರೆ ಅದನ್ನು ಮಂಡಕ್ಕಿ ಅನ್ನೋಕೆ ನನಗೆ ಮನಸ್ಸು ಬರಲ್ಲ. ಸಿಗದೇ ಇರುವುದು ಖಡಕ್ ರೊಟ್ಟಿ, ಗುರೆಳ್ಳು ಪುಡಿ, ಒಳ್ಳೆ ಎರಕದ ಕಾವಲಿ. ಕೌದಿ ಅಂತೂ ಎಲ್ಲಿಂದ ಬರಬೇಕು?

ಕೌದಿ ಅಂದೆನಲ್ಲ. ಇಲ್ಲಿ ಹೆರಿಗೆ ಆದಮೇಲೆ ಹೆಲ್ತ್ ವಿಸಿಟರ್ ಅಂತ ನರ್ಸ್ ಒಬ್ಬರು ಮನೆಗೆ ಬರುತ್ತಾರೆ. ಕೂಸನ್ನು ಗಟ್ಟಿ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ, ದಪ್ಪ ಹೊದಿಕೆ, ದಿಂಬು ಹತ್ತಿರ ಇಡಬೇಡಿ ಅಂತ ಹೇಳುತ್ತಾರೆ. ನಿಮಗೂ ಅವರಿಗೂ ಜಗಳ ಬೇಡ. ಕೌದಿ ಬಾಣಂತಿಗೆ ಇರಲಿ.

ಆ ಅಜ್ಜಿಯ ಡ್ರಮ್ ಬಗ್ಗೆ ನನಗೂ ಆಸೆ ಆಗಿತ್ತು. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಜಮೈಕಾದವರು. ಅವರು ಚಿಕ್ಕವರಿದ್ದಾಗ ತಾಯಿ ಇಲ್ಲಿ ದುಡಿಯುತ್ತಿದ್ದರಂತೆ, ಇವರು ಅಲ್ಲಿ ಅಜ್ಜಿ ಮನೆಯಲ್ಲಿ. ಹಾಗೆ ಬೆಳೆದ ಮಕ್ಕಳನ್ನು ಅಲ್ಲಿ ಬ್ಯಾರೆಲ್ (ಅಂದರೆ ಡ್ರಮ್) ಮಕ್ಕಳು ಅಂತಲೇ ಕರೆಯುತ್ತಾರೆ. ಡ್ರಮ್ ಬಂದ ದಿನ ಮೊದಲು ತಲೆ ಒಳಗೆ ಹಾಕಿ ವಾಸನೆ ನೋಡುತ್ತಿದ್ದೆ, ಅಮ್ಮನ ಸೋಪಿನ ವಾಸನೆ ಬರುತ್ತಿತ್ತು ಅಂದರು. ಸಾಮಾನು ಖಾಲಿ ಆದಮೇಲೆ ಡ್ರಮ್ ಕೂಡ ದಂಡ ಆಗಲ್ಲ, ನೀರು ತುಂಬಿಡಲು ಬೇಕಲ್ಲ. ನಿಮ್ಮ ಮಗಳು ಕ್ರಾಯ್ಡನ್ ಫ್ಲ್ಯಾಟ್‌ನಲ್ಲಿ ಖಾಲಿ ಡ್ರಮ್ ಇಟ್ಟುಕೊಂಡು ಏನು ಮಾಡುತ್ತಾಳೆ? ಅದನ್ನು ಎಸೆಯೋಕೂ ದುಡ್ಡು ಕೊಡಬೇಕು ಇಲ್ಲಿ.

ಶಾರ್ಜಾ ಚಳ್ಳಕೆರೆ

ಇದನ್ನು ಓದಿ ಗಲ್ಫ್‌ಗೆ ಕಳಿಸುವವರು ಯಾರಾದರೂ ಇದ್ದರೆ ಒಂದು ಮಾತು. ಗಸಗಸೆ ಒಂದು ಚಮಚ ಕೂಡ ಹಾಕಬೇಡಿ. ಯುಎಇ, ಸೌದಿಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಸಿಕ್ಕಿದರೆ ಜೈಲು. ಅಂಟಿನುಂಡೆಗೆ, ಹೋಳಿಗೆಗೆ, ಮಸಾಲೆಪುಡಿಗೆ ನಮ್ಮವರು ಹಾಕಿರುತ್ತಾರೆ, ಕಳಿಸುವವರಿಗೆ ನೆನಪೂ ಇರಲ್ಲ.

ಅಕ್ಕಾರೆ, ಕಂಬಳಿ ನಮ್ಮೂರಿನದು ಅಂದಿರಿ, ಖುಷಿ ಆಯ್ತು. ಎರಡು ದಿನ ಒಳ್ಳೆ ಬಿಸಿಲಿಗೆ ಹಾಕಿ, ಒದರಿ, ಆಮೇಲೆ ಮಡಚಿ. ನುಸಿ ಇದ್ದರೆ ಹಡಗಿನಲ್ಲಿ ಇನ್ನೂ ಸಂಸಾರ ಮಾಡಿಕೊಂಡು ಇಳಿಯುತ್ತವೆ.

ವಿದ್ಯಾನಗರದ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಯಜಮಾನರಿಗೆ ಪೂರ್ತಿ ಓದಿ ಹೇಳಿದೆ. ಖಾಲಿ ಡ್ರಮ್ಮಿಗೆ 65 ಕೆಜಿ ಅಂದದ್ದಕ್ಕೆ ನಂಬಲಿಲ್ಲ, ಟೇಪು ತಂದು ತಾವೇ ಅಳೆದರು. ಈಗ ಸುಮ್ಮನಿದ್ದಾರೆ.

ಮಗಳ ಜೊತೆಗೂ ಮಾತಾಡಿದೆ. ಅವಳಿಗೆ ನಿಜವಾಗಿ ಬೇಕಾಗಿದ್ದು ಏನು ಅಂತ ಕೇಳಿದರೆ ಕಾವಲಿ, ಅಜ್ಜಿಯ ಕೌದಿ, ರೊಟ್ಟಿ, ಗುರೆಳ್ಳು ಪುಡಿ. ಅಷ್ಟೇ! ಉಳಿದದ್ದೆಲ್ಲ ನಾನೇ ಸೇರಿಸಿಕೊಂಡದ್ದು.

ಹೆರಿಗೆಗೆ ಮೂರು ತಿಂಗಳಿದೆ, ಹಡಗಿಗೂ ಅಷ್ಟೇ ಹಿಡಿಯಬಹುದು, ಹಾಗಾಗಿ ಬಾಣಂತನದ್ದು ಯಾವುದನ್ನೂ ಹಡಗಿಗೆ ಹಾಕುವುದಿಲ್ಲ. ಕೊಬ್ಬರಿ, ಉತ್ತತ್ತಿ, ಅಂಟು, ಕುಲಾವಿ, ಹಳೇ ಬಟ್ಟೆ, ಒಂದು ಕೌದಿ ನನ್ನ ಸೂಟ್‌ಕೇಸ್‌ನಲ್ಲಿ. 23 ಕೆಜಿಯ ಎರಡು ಬ್ಯಾಗಿಗೆ ಬಿಡುವ ಟಿಕೆಟ್ಟೇ ನೋಡಿ ಮಾಡಿಸು ಅಂತ ಅಳಿಯನಿಗೆ ಹೇಳಿದ್ದೇನೆ. ರೊಟ್ಟಿಯನ್ನು ಹೊರಡುವ ಹಿಂದಿನ ದಿನ ತಂದು ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಕೈಚೀಲದಲ್ಲೇ ಹಿಡಿದುಕೊಳ್ಳುತ್ತೇನೆ. ಕಾವಲಿ, ಹಂಚು, ಕಂಬಳಿ, ಇನ್ನೊಂದು ಕೌದಿ, ಶಾವಿಗೆ ಸೇರಿಸಿ ಒಂದು ರಟ್ಟಿನ ಪೆಟ್ಟಿಗೆ, ಅದನ್ನು ಕೊರಿಯರ್‌ನಲ್ಲಿ. ಸಂದಿಗೆ ಮಂಡಕ್ಕಿ. ಒರಳು ಕೈಬಿಟ್ಟೆ.

ಡ್ರಮ್ ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದ. ಕೊಯ್ಸಿ ಹಿತ್ತಲಲ್ಲಿ ಇಟ್ಟಿದ್ದಾರೆ, ಗಿಡಕ್ಕೆ ನೀರು ಹಿಡಿಯಲು.

ಒಂದು ಕೊನೇ ಪ್ರಶ್ನೆ. ಕಾವಲಿ ಹತ್ತು ವರ್ಷದಿಂದ ಪಳಗಿದ್ದು. ದಾರಿಯಲ್ಲಿ ತುಕ್ಕು ಹಿಡಿಯದ ಹಾಗೆ ಎಣ್ಣೆ ಹಚ್ಚಿ ಕಳಿಸಬೇಕಾ? ಎಣ್ಣೆ ಬೇರೆ ಸಾಮಾನಿಗೆ ಹತ್ತುವುದಿಲ್ಲವಾ?

ದುರ್ಗದವನು

ಹಚ್ಚಿ ಅಕ್ಕಾರೆ, ಆದರೆ ಸುರಿಯಬೇಡಿ. ಒಲೆ ಮೇಲೆ ಬಿಸಿ ಮಾಡಿ ನೀರಿನ ಪಸೆ ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ತೆಳ್ಳಗೆ ಒಂದು ಕೈ ಒರೆಸಿ, ತಣ್ಣಗಾಗಲು ಬಿಡಿ. ನಾಲ್ಕು ಹಾಳೆ ಪೇಪರ್ ಸುತ್ತಿ ಆಮೇಲೆ ಪ್ಲಾಸ್ಟಿಕ್. ಪೆಟ್ಟಿಗೆಯ ತಳಕ್ಕೆ ಮಡಚಿದ ಕಂಬಳಿ, ಅದರ ಮೇಲೆ ಕಾವಲಿ ಮಲಗಿಸಿ, ನಿಲ್ಲಿಸಬೇಡಿ. ಎರಕದ್ದು ಎತ್ತಿ ಹಾಕಿದರೆ ಒಡೆಯುತ್ತದೆ. ಹಿಡಿಕೆಯ ಹತ್ತಿರ ಜಾಸ್ತಿ ಬಟ್ಟೆ ಸುತ್ತಿ.

ಈಸ್ಟ್ ಹ್ಯಾಮ್ ಸೊಸೆ

ಅಮ್ಮಾ, ಪೆಟ್ಟಿಗೆ ಮೇಲೆ ಮಗಳ ಫೋನ್ ನಂಬರ್ ದೊಡ್ಡದಾಗಿ ಬರೆಯಿರಿ, ಅದೇ ವಿಳಾಸದ ಚೀಟಿ ಒಂದನ್ನು ಒಳಗೂ ಹಾಕಿ. ಮುಚ್ಚುವ ಮುಂಚೆ ಮೇಲಿಂದ ಒಂದು ಫೋಟೋ ತೆಗೆದುಕೊಳ್ಳಿ. ಆಮೇಲೆ, ರೊಟ್ಟಿ ನೂರು ಅಂದಿರಲ್ಲ, ನೂರಿಪ್ಪತ್ತು ತನ್ನಿ. ಕ್ರಾಯ್ಡನ್‌ಗೆ ಬಂದು ಇಪ್ಪತ್ತು ನಾನು ತೆಗೆದುಕೊಂಡು ಹೋಗುತ್ತೇನೆ 😄